ನಿನ್ನ ಅಳತೆಯ ರವಿಕೆ, ನಿನ್ನ ಅಳತೆಯ ಚಪ್ಪಲಿ

ಶಾಂತಕ್ಕಾ,

ಕಾಗದ ಅಂದಮೇಲೆ ‘ಇತ್ತ ನಾವೆಲ್ಲ ಕ್ಷೇಮ’ ಅಂತಲೇ ಶುರು ಮಾಡಬೇಕು. ಆ ಸಾಲು ಬರೆದು ಹೊಡೆದುಹಾಕಿದೆ. ನೀನು ಜ್ವರದಲ್ಲಿ ಮಲಗಿದವಳು ಏಳದೇ ಹೋಗಿ ವರ್ಷ ತುಂಬುತ್ತಾ ಬಂತು, ನಾವು ಕ್ಷೇಮವಾಗಿದ್ದೀವಿ ಅಂದರೆ ನಿನಗೇ ಸಿಟ್ಟು ಬರಲ್ವಾ? ಬೆಳಗ್ಗಿಂದ ಕೂತಲ್ಲಿ ಕೂರೋಕಾಗ್ತಿಲ್ಲ ನನಗೆ. ಒಲೆ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋದೆ, ಹಾಲು ಉಕ್ಕಿ ಒಲೆಯೇ ಆರಿಹೋಯ್ತು. ಅವ್ವ ಬೈಯಲೂ ಇಲ್ಲ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು, ಆದರೆ ಇದನ್ನ ನಿನಗೆ ಬಿಟ್ಟು ಇನ್ಯಾರಿಗೆ ಹೇಳಲಿ? ನನ್ನನ್ನು ಭಾವನಿಗೆ ಕೊಡೋದು ಅಂತ ಮನೇಲಿ ತೀರ್ಮಾನ ಮಾಡಿದ್ದರು. ಹೌದು, ನಿನ್ನ ಗಂಡನಿಗೆ.

ನಿನ್ನ ಕಾರ್ಯ ಮುಗಿದ ಮೇಲೆ ಸೊರಬದಿಂದ ವಾಪಸ್ ಬರುವಾಗಲೇ, ಶಿರಾಳಕೊಪ್ಪದಲ್ಲಿ ಬಸ್ಸು ನಿಂತಿದ್ದಾಗ, ಅವ್ವ ಆ ಮಾತು ತೆಗೆದಳು. “ಉಮಾ ಇನ್ನೂ ಎಳೇದು. ಹೊರಗಿನವಳು ಬಂದು ಅದನ್ನ ನೋಡ್ಕೊಂತಾಳೇನೇ?” ಅಂದಳು. ನಾನು ಏನಂತ ಹೇಳಲಿ? ನಿನ್ನ ಮಗಳು ಅಂದರೆ ನನಗೂ ಜೀವ ಅಲ್ವಾ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಕಿಟಕಿ ಕಡೆ ಮುಖ ತಿರುಗಿಸಿದೆ. ಸುಮ್ಮನಿದ್ದದ್ದನ್ನೇ ಒಪ್ಪಿಗೆ ಅಂದುಕೊಂಡರು ಎಲ್ಲರೂ. ಅಪ್ಪನೂ.

ನಿನಗೆ ನೆನಪಿದೆಯಾ, ಪೇಟೆಯ ಸಿಂಪಿಗರ ಅಂಗಡಿಗೆ ನಾವು ಯಾವತ್ತೂ ಹೋದವರೇ ಅಲ್ಲ? ಗಂಡಸು ಟೇಪು ಹಿಡಿದು ಹೆಣ್ಣುಮಕ್ಕಳ ಮೈ ಅಳೆಯೋದುಂಟೇ? ಅಳತೆ ರವಿಕೆಯೊಂದು ಕೈಚೀಲದಲ್ಲಿ ಅಪ್ಪನ ಜೊತೆ ಹೋಗಿ ಬರುತ್ತಿತ್ತು, ಅಷ್ಟೇ. ಅದೂ ನಿನ್ನದೇ. ಇಬ್ಬರು ಹುಡುಗಿಯರಿಗೆ ಒಂದೇ ಅಳತೆ ರವಿಕೆ! ಹೊಲಿಸೋದೆಲ್ಲ ನಿನ್ನ ಮೈಗೆ, ನಾನು ಚಿಕ್ಕವಳಿದ್ದಾಗ ಒಳಗೆ ಮಡಿಕೆ ಹಾಕಿ ಕೊಡೋದು, ಬೆಳೆದಂತೆಲ್ಲ ಮಡಿಕೆ ಬಿಚ್ಚೋದು. ಕೊನೆಗೆ ಮಡಿಕೆ ಎಲ್ಲ ಬಿಚ್ಚಿಯಾಯ್ತು, ನಾನು ಮಾತ್ರ ಬೆಳೀತಾನೇ ಹೋದೆ. ನೀನು ಗುಂಡುಗುಂಡಗೆ ಮುದ್ದಾಗಿ, ನಾನು ಉದ್ದಕ್ಕೆ, ಅಪ್ಪನ ಭುಜ ಹೊತ್ತುಕೊಂಡು. “ಸ್ವಲ್ಪ ಕುಗ್ಗಿ ನಿಂತರೆ ಸರಿಯಾಗತ್ತೆ” ಅಂತಿದ್ದಳು ಅವ್ವ. ಕುಗ್ಗೀ ಕುಗ್ಗೀ ನನ್ನ ಬೆನ್ನು ಹೀಗಾಗಿರೋದು.

ನಯಾಪೈಸೆ ಬಂದ ಹೊಸದರಲ್ಲಿ ನೀನು ಸೊರಬದಿಂದ ಬಂದಿಳಿದದ್ದು ಇಡೀ ಬಸ್‌ಸ್ಟ್ಯಾಂಡಿಗೆ ತಮಾಷೆಯಾಗಿತ್ತು. ಎತ್ತರ ಹಿಮ್ಮಡಿಯ ಚಪ್ಪಲಿ, ಬೊಂಬಾಯಿ ಫ್ಯಾಶನ್ನಿನದು! ಭಾವ ತೆಂಗಿನಗರಿ ಕಡ್ಡಿಯಲ್ಲಿ ನಿನ್ನ ಪಾದದ ಅಳತೆ ಮುರಿದುಕೊಂಡು ಶಿವಮೊಗ್ಗಕ್ಕೆ ಹೋಗಿ ತಂದಿದ್ದರು. ಒಂದು ಹಿಮ್ಮಡಿ ಬಸ್ಸಿನ ಮೆಟ್ಟಿಲ ಸಂದಿಗೆ ಸಿಕ್ಕಿಕೊಂಡು ಕಂಡಕ್ಟರು ಎಳೆದುಕೊಟ್ಟ. ನಮ್ಮ ಬೀದಿಯ ಕಲ್ಲಿನ ಮೇಲೆ ನನ್ನ ತೋಳು ಹಿಡಿದು ಬಂದೆ, ನಡೆದದ್ದಕ್ಕಿಂತ ತೂರಾಡಿದ್ದೇ ಹೆಚ್ಚು. ಇದೆಲ್ಲ ಯಾಕೆ ಬೇಕೇ ನಿನಗೆ ಅಂದರೆ, “ಇದನ್ನ ಹಾಕ್ಕೊಂಡ್ರೆ ಅವರ ಕಿವಿ ನನ್ನ ಬಾಯಿಗೆ ಸಿಗುತ್ತೆ ಕಣೇ” ಅಂದೆ. ಎಂಥ ಮಾತು! ಅವ್ವ ಕೇಳಿಸಿಕೊಂಡೂ ಕೇಳಿಸದವಳ ಹಾಗೆ ಒಳಗೆ ಹೋದಳು. ನಾನು ನಕ್ಕು ನಕ್ಕು...

ಹೋದ ವಾರ ಸೊರಬದಿಂದ ಒಂದು ಗಂಟು ಬಂತು. ಶಾಸ್ತ್ರಕ್ಕೆ ಉಡಲಿ ಅಂತ ನಿನ್ನದರಂಥದೇ ಹಸಿರು ರೇಷ್ಮೆ ಸೀರೆ, ತೋಳು ಉಬ್ಬಿಸಿ ಹಿಂದೆ ಗುಂಡಿ ಇಟ್ಟು ಹೊಲಿದ ರವಿಕೆ, ಕ್ಯಾಲೆಂಡರ್ ಚಿತ್ರದಲ್ಲಿ ಇರತ್ತಲ್ಲ ಅಂಥದು. ಜೊತೆಗೆ ಎತ್ತರ ಹಿಮ್ಮಡಿಯ ಹೊಸ ಚಪ್ಪಲಿ. ಚೆಂದ ಇದ್ದವು, ಇಲ್ಲ ಅನ್ನಲ್ಲ. ನನಗೂ ಆಸೆ ಇರಬಾರದಾ? ಮೊನ್ನೆ ಬೆಳಗ್ಗೆ ಬಾಗಿಲು ಹಾಕಿಕೊಂಡು ಹಾಕಿ ನೋಡಿದೆ. ರವಿಕೆಯ ತೋಳು ಮೊಣಕೈಗಿಂತ ಎಷ್ಟೋ ಮೇಲೇ ನಿಂತಿತು, ಬೆನ್ನಿನ ಗುಂಡಿ ಕಾಜಕ್ಕೆ ಮುಟ್ಟಲಿಲ್ಲ, ಎದೆ ಮಾತ್ರ ಸಡಿಲ. ಚಪ್ಪಲಿಯಿಂದ ನನ್ನ ಹಿಮ್ಮಡಿ ಆಚೆ ಜೋತುಬಿದ್ದಿತ್ತು. ನನಗೆ ತಕ್ಷಣ ಗೊತ್ತಾಯ್ತು. ಈ ಅಳತೆ ಯಾರದು ಅಂತ ನಿನಗೆ ಬಿಡಿಸಿ ಹೇಳಬೇಕಾ?

ಅವ್ವನ್ನ ಕರೆದು ತೋರಿಸಿದೆ. ಅವಳಿಗೇನೂ ಅನಿಸಲೇ ಇಲ್ಲ. “ನಿಮ್ಮಿಬ್ಬರ ಅಳತೆ ಒಂದೇ ಅಂತ ನಾನೇ ಹೇಳಿಕಳಿಸಿದ್ದೆ, ಯಾವಾಗಲೂ ಹಂಗೇ ಅಲ್ಲೇನು? ಉಸಿರು ಬಿಗಿಹಿಡಕೊ. ಚರ್ಮ ಅಲ್ವಾ, ಹಾಕ್ಕೊಂಡ ಹಾಗೆ ಚಪ್ಪಲಿ ಹಿಗ್ಗತ್ತೆ” ಅಂತ ಬೆನ್ನ ಹಿಂದೆ ನಿಂತು ಗುಂಡಿ ಎಳೆಯತೊಡಗಿದಳು. ಆಗದೇ ಇದ್ದಾಗ ಪಿನ್ನು ಹಾಕಿ ಮೇಲೆ ಸೆರಗು ಹೊದಿಸಿದಳು. “ಹಠ ಮಾಡಬ್ಯಾಡ ಗಿರಿಜಾ. ಅವರು ಬರೋ ಹೊತ್ತಾಯ್ತು.”

ಅವತ್ತೇ ಮಧ್ಯಾಹ್ನ ಭಾವ ಉಮಾನ ಕರಕೊಂಡು ಬಂದರು. ನಾನು ಅಡುಗೆಮನೆ ಹೊಸ್ತಿಲಲ್ಲಿ ಆ ಕಡೆ ಮುಖ ಮಾಡಿ ನಿಂತಿದ್ದೆ, ಬೀಳದಿರಲಿ ಅಂತ ಬಾಗಿಲು ಹಿಡಿದುಕೊಂಡು. ಹೊಸ ಚಪ್ಪಲಿ, ಮನೆಯೊಳಗೂ ಕಾಲಲ್ಲೇ ಇರಲಿ ಅಂದಿದ್ದಳು ಅವ್ವ. ಹಿಂದಿನಿಂದ ಉಮಾ “ಅವ್ವಾ” ಅಂತ ಓಡಿಬಂದು ಕಾಲಿಗೆ ತಬ್ಬಿಕೊಂಡಳು ನೋಡು. ಅಕ್ಕಾ, ಆ ಕೂಗು ನೀನು ಕೇಳಬೇಕಿತ್ತು. ಬೇಡ, ಕೇಳದೇ ಇದ್ದದ್ದೇ ಒಳ್ಳೆಯದಾಯ್ತು. ನಾನು ತಿರುಗಿದೆ. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು, ಮತ್ತೆ ಸೀರೆ ನೋಡಿದಳು, ಚಪ್ಪಲಿ ನೋಡಿದಳು. “ನೀನು ಚಿಕ್ಕವ್ವ. ನಮ್ಮವ್ವನ್ನ ಎಲ್ಲಿಟ್ಟಿದೀಯ?” ಅಂದಳು.

ಆಗಲೇ ನನಗೆ ಗೊತ್ತಾಗಿದ್ದು. ನಿನ್ನವ್ವ ಶಿಕಾರಿಪುರದ ಅಜ್ಜಿ ಮನೇಲಿದಾಳೆ ಅಂತ ಸೊರಬದಲ್ಲಿ ಇಷ್ಟು ದಿನ ಮಗುವಿಗೆ ಹೇಳಿಕೊಂಡು ಬಂದಿದ್ದಾರೆ. ಅದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಾಡಿಕೊಂಡು ಬಂದಿತ್ತಂತೆ. ಅವ್ವ ಒಳಗಿನಿಂದ ಓಡಿಬಂದು, “ಇವಳೇ ಕಣೇ ನಿನ್ನವ್ವ, ನೋಡು, ಅವೇ ಬಟ್ಟೆ ಅಲ್ವಾ” ಅಂದಳು. ಮಗು ಅಜ್ಜಿಯ ಮುಖ ನೋಡಿ, ನನ್ನ ಮುಖ ನೋಡಿ, ತಾನೇ ಏನೋ ತಪ್ಪು ಮಾಡಿದವಳ ಹಾಗೆ ಬಾಯಿ ಮುಚ್ಚಿಕೊಂಡಳು. ಚಪ್ಪಲಿ ಕಳಚಿ ಬರಿಗಾಲಲ್ಲಿ ನೆಲಕ್ಕೆ ಇಳಿದೆ. “ಅಲ್ಲ ಪುಟ್ಟಿ, ನಾನು ಚಿಕ್ಕವ್ವನೇ. ನೀನು ಸರಿಯಾಗೇ ಹೇಳಿದೆ” ಅಂದೆ.

ಭಾವ ಜಗುಲಿ ಮೇಲೆ ಕೂತಿದ್ದರು, ತಟ್ಟೆಯಲ್ಲಿದ್ದ ಅವಲಕ್ಕಿ ಹಾಗೇ ಇತ್ತು. ನಾನು ನೇರ ಹೋಗಿ ಕೇಳಿದೆ. ನನ್ನ ನಾಲಿಗೆ ನಿನಗೆ ಗೊತ್ತಲ್ಲ. “ಭಾವ, ನಿಮಗೆ ಬೇಕಾಗಿರೋಳು ನಾನಾ, ನಮ್ಮಕ್ಕನಾ?” ಅವರು ತಲೆ ಎತ್ತಲಿಲ್ಲ. “ಎಂತ ಹೇಳೋದು ಮಾರಾಯ್ತಿ. ನೀನು ಅವಳಿಗಿಂತ ಉದ್ದ ಅಂತ ನಂಗೇನು ಕಾಣಲ್ವಾ? ಆದರೂ ಅತ್ತೆ ಒಂದೇ ಅಳತೆ ಅಂದಾಗ ಹೂಂ ಅಂದುಬಿಟ್ಟೆ. ಆ ಹಳೇ ಕಡ್ಡಿ ಬಿಸಾಕಿರಲಿಲ್ಲ. ಅಂಗಡಿಯವನ ಕೈಗೆ ಅದನ್ನ ಕೊಟ್ಟಾಗ, ಅವಳಿಗೇ ಕೊಳ್ತಾ ಇದೀನಿ ಅನ್ನಿಸ್ತು. ಅಷ್ಟು ಹೊತ್ತು ಹಿತ ಇತ್ತು.” ಅವರ ಮೇಲೆ ಸಿಟ್ಟು ಬರಲಿಲ್ಲ ಅಕ್ಕಾ. ನಿನ್ನ ಮೇಲೆ ಬಂತು. ಇಷ್ಟು ಜನರನ್ನ ಹೀಗೆ ಮಾಡಿಟ್ಟು ಎಲ್ಲಿ ಹೋದೆ ನೀನು? ಈ ಮದುವೆ ನನ್ನಿಂದ ಆಗೋದಿಲ್ಲ ಭಾವ ಅಂದೆ. ಅವರು ತಟ್ಟೆ ಪಕ್ಕಕ್ಕೆ ಸರಿಸಿ, “ಸರಿ. ಮಾವನಿಗೆ ನಾನೇ ಹೇಳ್ತೀನಿ, ನೀ ಬೈಸ್ಕೊಳ್ಳೋದು ಬೇಡ” ಅಂದರು. ಹೇಳಿಯೂ ಹೋದರು. ಉಮಾನ ನಾಲ್ಕು ದಿನ ಇಲ್ಲೇ ಬಿಟ್ಟು ಹೋಗಿದ್ದಾರೆ, ನಾನೇ ಕೇಳಿಕೊಂಡೆ.

ಅಂದಿನಿಂದ ಅವ್ವ ನನ್ನ ಹತ್ತಿರ ಮಾತಾಡಿಲ್ಲ. ಮಗುವಿಗೆ ತಾಯಿ ಇಲ್ಲದ ಹಾಗೆ ಮಾಡಿದೆಯಲ್ಲ ಅಂತ ಅವಳ ಕಣ್ಣು ಹೇಳುತ್ತೆ. ನಾನು ಮಾಡಿದ್ದು ತಪ್ಪೇನೇ? ಇವತ್ತು ಬೆಳಗ್ಗೆ ತಲೆ ಬಾಚುವಾಗ ಉಮಾ ಮತ್ತೆ ಕೇಳಿದಳು, ಅವ್ವ ಇಲ್ಲೂ ಇಲ್ವಲ್ಲ, ಹಾಗಾದರೆ ಎಲ್ಲಿ ಅಂತ. ಹೇಳಬಾರದು ಅನ್ನಿಸ್ತು, ಹೇಳದೇ ಇದ್ದರೆ ಇನ್ನೂ ಎಷ್ಟು ಊರು ಹುಡುಕಬೇಕು ಅದು ಅನ್ನಿಸ್ತು. ಜ್ವರ ಬಂದಿತ್ತು ಪುಟ್ಟಿ, ಔಷಧಿ ನಾಟಲಿಲ್ಲ, ಸತ್ತುಹೋದಳು, ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಹೋದದ್ದಲ್ಲ ಅಂದೆ. ಅವಳು ಅಳಲಿಲ್ಲ. ಅರ್ಧ ಹಾಕಿದ ಜಡೆ ಹಿಡಿದುಕೊಂಡೇ ಎದ್ದು, ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವನ ಹತ್ತಿರ ಹೋದಳು. ನಾನೂ ಹಿಂದೆಯೇ ಹೋದೆ.

“ಅಜ್ಜಿ, ನಮ್ಮವ್ವ ಸತ್ತುಹೋಗಿದಾಳಂತೆ. ನಿಂಗೆ ಗೊತ್ತಾ?”

ಅವ್ವ ಮೊರ ಕೆಳಗಿಟ್ಟಳು. ಮಗುವನ್ನೇ ನೋಡಿದಳು. “ಇಲ್ಲ ಕಂದಾ, ನಂಗೆ ಗೊತ್ತಿರಲಿಲ್ಲ” ಅಂದಳು. ಆಮೇಲೆ ಅತ್ತಳು ಅಕ್ಕಾ, ನಿನ್ನ ಮಣ್ಣು ಮಾಡಿದ ದಿನವೂ ಅಳದಿದ್ದವಳು, ಬೀದಿಗೆಲ್ಲ ಕೇಳುವ ಹಾಗೆ ನಿನ್ನ ಹೆಸರು ಹಿಡಿದು ಅತ್ತಳು.

ನಿನ್ನ ತಂಗಿ,
ಗಿರಿಜಾ