ಐದು ಗಂಟೆಯ ಬಸ್ಸು

೩ ಜುಲೈ ೨೦೦೭, ಮಂಗಳವಾರ, ಪಡುಬಿದ್ರಿ

ಚೈತಾಲಿ ಕೇಳಿದ ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. ತಂಗಿಯ ಮಗಳು, ಬಿ.ಎಸ್ಸಿ. ಮುಗಿಸಿದ್ದಾಳೆ. ಸಂಜೆ ವಿಶ್ವವಿದ್ಯಾನಿಲಯದ ಎಂ.ಎಸ್ಸಿ. ಅರ್ಜಿ ಹಿಡಿದುಕೊಂಡು ಬಂದಿದ್ದಳು.

"ದೊಡ್ಡಮ್ಮ, ನಿಮಗೆ ಗಣಿತ ಅಂದ್ರೆ ಅಷ್ಟು ಇಷ್ಟ ಇತ್ತಾ?"

"ಹೌದು ಮಾರಾಯ್ತಿ" ಎಂದೆ. ಸುಳ್ಳು.

೧೯೮೨ರಲ್ಲಿ ಎಂ.ಎಸ್ಸಿ.ಗೆ ನನಗೆ ಬೇಕಿದ್ದದ್ದು ರಸಾಯನಶಾಸ್ತ್ರ. ಅಂಕವೂ ಇತ್ತು. ಅಪ್ಪನದು ಒಂದೇ ಹಟ: "ಹಾಸ್ಟೆಲ್ ಎಲ್ಲ ಬೇಡ. ಐದು ಗಂಟೆಯ ಬಸ್ಸಿಗೆ ಹೊರಟು ಬರ್ಲಿಕ್ಕೆ ಆಗ್ತದಾದ್ರೆ ಓದು." ಕೆಮಿಸ್ಟ್ರಿ ಲ್ಯಾಬ್ ಬಿಡುವುದು ಐದೂವರೆಗೆ. ಗಣಿತಕ್ಕೆ ಲ್ಯಾಬ್ ಇಲ್ಲ. ಅರ್ಜಿಯಲ್ಲಿ ಗಣಿತ ಎಂದು ಬರೆದೆ.

ವಿಶ್ವವಿದ್ಯಾನಿಲಯದ ಆ ಗುಡ್ಡ, ಗೇರುಹೂವಿನ ವಾಸನೆ, ನಾನು ಓಡಿ ಬಂದು ನಿಲ್ಲುತ್ತಿದ್ದ ಬಸ್‌ಸ್ಟಾಪ್. ನೆನೆದರೆ ಈಗಲೂ ಹಿತವಾಗುತ್ತದೆ. ಎರಡು ವರ್ಷದಲ್ಲಿ ಆ ಬಸ್ಸು ಒಂದು ದಿನವೂ ಐದಕ್ಕೆ ಬರಲಿಲ್ಲ. ಮುಕ್ಕಾಲು ಗಂಟೆ ತಡ. ಅಷ್ಟರಲ್ಲಿ ಲ್ಯಾಬ್ ಮುಗಿಸಿದ ಹುಡುಗಿಯರು ನಗುತ್ತಾ ಇಳಿದು ಬಂದು ಅದೇ ಬಸ್ಸು ಹತ್ತುತ್ತಿದ್ದರು. ಬೆರಳಲ್ಲಿ ಅಯೋಡಿನ್ ಕಲೆ. ನನ್ನ ಪಕ್ಕದಲ್ಲೇ ಕಂಬಿ ಹಿಡಿದು ನಿಲ್ಲುತ್ತಿದ್ದರು.

ದಿನವೂ ಕತ್ತಲಾದ ಮೇಲೆ ಮನೆ ಸೇರುತ್ತಿದ್ದೆ. ಅಪ್ಪ ಒಮ್ಮೆಯೂ ಗಡಿಯಾರ ನೋಡಲಿಲ್ಲ. ಕೇಳುತ್ತಿದ್ದದ್ದು ಇಷ್ಟೇ: "ಚಾ ಕುಡಿದೆಯಾ?"