ಹೂವು ಬಲಕ್ಕೇ ಬಿತ್ತು, ದೊಡ್ಡಮ್ಮ

ದೊಡ್ಡಮ್ಮಾ,

ಒಂದು ಮಾತನ್ನು ಬರೆಯದೇ ಬಿಟ್ಟುಬಿಡುವುದರಲ್ಲಿದ್ದೆ. ನಿನ್ನ ಮಗ ಮಂಜಣ್ಣನ ಲಿವರ್‌ನಲ್ಲಿ ಕ್ಯಾನ್ಸರ್ ಗಡ್ಡೆ ಮತ್ತೆ ಬಂದಿತ್ತು. ಆ ಸುದ್ದಿ ಕೇಳಿದ ದಿನ ನನಗೆ ಖುಷಿಯಾಯಿತು. ಸಣ್ಣ ಖುಷಿಯಲ್ಲ, ಆಸ್ಪತ್ರೆಯ ಮೆಟ್ಟಿಲ ಮೇಲೆ ಒಬ್ಬಳೇ ನಿಂತು ಚಪ್ಪಾಳೆ ತಟ್ಟುವಷ್ಟು. ಹೆತ್ತ ತಾಯಿಗೆ ಇದನ್ನು ಬರೆಯಬಹುದೇ? ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಪೂರ್ತಿ ಓದು, ಆಮೇಲೆ ಬೈಯಿ.

ನೀನೂ ಲಿವರ್‌ನ ಗಡ್ಡೆಗೆ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದ ದಿನಗಳು ನೆನಪಿವೆಯಾ? "ಮತ್ತೆ ಬರುತ್ತಾ?" ಎಂದು ನೀನೇ ಸರ್ಜನ್‌ರನ್ನು ಕೇಳಿದ್ದೆ. "ಈಗಲೇ ಹೇಳಕ್ಕಾಗಲ್ಲಮ್ಮ, ಸ್ಕ್ಯಾನ್ ಮಾಡಿಸ್ತಾ ಇರಿ" ಎಂದರು. ಆ ಉತ್ತರ ನಿನಗೆ ಸಾಲಲಿಲ್ಲ. ಪುಟ್ಟೇನಹಳ್ಳಿಯ ಅಮ್ಮನ ಗುಡಿಗೆ ಹೋಗಿ ಹೂವು ಕೇಳಿಸಿದೆ. ದೇವಿಯ ಎರಡು ಭುಜಕ್ಕೂ ಹೂವು ಅಂಟಿಸಿದರು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. "ನಾನು ವಾಸಿಯಾದ್ನಾ ತಾಯಿ?" ಎಂದು ಕೇಳಿದೆ. ಬಲಗಡೆಯದೇ ಬಿತ್ತು. ನಾನು ಇಂಗ್ಲಿಷ್ ಶಾಲೆಗೆ ಹೋದ ತಪ್ಪಿಗೆ ನೀನು ನನಗಿಟ್ಟ ಹೆಸರು ಹಿಡಿದು ಫೋನಿನಲ್ಲಿ ಕೂಗಿದೆ: "ಊವ ಬಲಕ್ಕೆ ಬಿತ್ತು ಕಣೇ ಕಾನ್ವೆಂಟು! ಇನ್ಯಾಕೆ ಆ ಸುರಂಗದೊಳಗೆ ಹೋಗಿ ಮಲಗ್ಲಿ?" ಸ್ಕ್ಯಾನಿಗೆ ಹೋಗುವುದನ್ನೇ ಬಿಟ್ಟೆ. ಹೊಟ್ಟೆ ಊದಿಕೊಂಡ ಮೇಲೆ ಕರೆದುಕೊಂಡು ಹೋದಾಗ... ಇರಲಿ, ಅದು ನಿನಗೇ ಗೊತ್ತು.

ನನ್ನ ಕೆಲಸ ಏನೆಂದು ನಿನಗೆ ವಿವರಿಸಿದ ಸಂಜೆ ನೀನು ಸೊಪ್ಪು ಬಿಡಿಸುತ್ತಿದ್ದೆ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯಿಂದ ತೆಳ್ಳನೆಯ ಪದರ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಸ್ಲೈಡಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ ಎಂದಾಗ, "ಅಂಗಾದ್ರೆ ಕುಯ್ದು ಎಸೆದಿದ್ದನ್ನ ನೋಡೋಕೆ ಇಷ್ಟು ಓದ್ಬೇಕಾಯ್ತಾ?" ಎಂದು ನಕ್ಕೆ. ಹೌದು, ಅದನ್ನೇ ನೋಡುತ್ತೇವೆ ದೊಡ್ಡಮ್ಮ! ಸಣ್ಣ ಸಣ್ಣ ರಕ್ತನಾಳಗಳೊಳಗೆ ಕ್ಯಾನ್ಸರಿನ ಕಣಗಳು ನುಸುಳಿವೆಯಾ ಎಂದು ಹುಡುಕುತ್ತೇವೆ. ನುಸುಳಿದ್ದರೆ ಮತ್ತೆ ಬರುವ ಸಂಭವ ಹೆಚ್ಚು. ಈಗ ನಮ್ಮ ತಂಡ ಒಂದು ಕಂಪ್ಯೂಟರ್ ಪ್ರೋಗ್ರಾಂ ಮಾಡಿದೆ. ಸ್ಲೈಡಿನ ಚಿತ್ರ, ರಕ್ತಪರೀಕ್ಷೆ, ಸ್ಕ್ಯಾನು ಮೂರನ್ನೂ ಸೇರಿಸಿ ಓದಿ, ಮತ್ತೆ ಬರುವ ಸಂಭವ ಎಷ್ಟೆಂದು ಅಂದಾಜು ಹೇಳುತ್ತದೆ. ಹಳೆಯ ರೋಗಿಗಳ ಸ್ಲೈಡುಗಳ ಮೇಲೆ ಅದನ್ನು ಪರೀಕ್ಷಿಸುವಾಗ ನಿನ್ನದನ್ನೂ ಸೇರಿಸಲು ಮಂಜಣ್ಣನ ಒಪ್ಪಿಗೆ ಪಡೆದೆ. ಪರದೆಯ ಮೇಲೆ ನಿನ್ನ ಗಡ್ಡೆಯ ಅಂಚೆಲ್ಲ ಕೆಂಪಗೆ ಹೊಳೆಯಿತು. ಹೆಚ್ಚಿನ ಅಪಾಯ. ಗುಡಿಯಲ್ಲಿ ಹೂವು ಬಿದ್ದ ದಿನವೂ ಆ ಸ್ಲೈಡು ಲ್ಯಾಬಿನ ಕಪಾಟಿನಲ್ಲೇ ಇತ್ತಲ್ಲ? ಅದನ್ನು ಹೀಗೆ ಓದುವುದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ.

ನೀನು ಹೋದ ಮೇಲೆ ಮನೆಮಂದಿಯೆಲ್ಲ ಪರೀಕ್ಷೆಗೆ ರಕ್ತ ಕೊಟ್ಟೆವು. ನಿನ್ನ ಲಿವರ್ ಕೆಡಿಸಿದ ವೈರಸ್ಸೇ ಮಂಜಣ್ಣನಲ್ಲೂ ಸಿಕ್ಕಿತು. ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಅಂಟುವಂಥದ್ದು ಅದು. ಅದಕ್ಕೆ ನೀನು ನೊಂದುಕೊಳ್ಳಬೇಡ, ಹೆರುವಾಗ ನಿನಗೇನು ಗೊತ್ತಿತ್ತು? ಕೆಲವು ವರ್ಷದ ಮೇಲೆ ಗಡ್ಡೆಯೂ ಬಂತು, ಆಪರೇಷನ್ನೂ ಆಯಿತು. ಅವನ ಸ್ಲೈಡನ್ನು ನೋಡಿದ್ದು ನನ್ನ ಸಹೋದ್ಯೋಗಿ. ನಾನು ಸುಮ್ಮನೆ ಅವರ ಹಿಂದೆ ನಿಂತಿದ್ದೆ. ಪ್ರೋಗ್ರಾಂ ಅವನಿಗೂ ಹೆಚ್ಚಿನ ಅಪಾಯ ಎಂದಿತು. ಸರ್ಜನ್, ಎಲ್ಲರಂತೆ ಆರು ತಿಂಗಳಿಗೊಮ್ಮೆ ಸಾಲದು, ಎರಡು ತಿಂಗಳಿಗೊಮ್ಮೆ ಸ್ಕ್ಯಾನ್ ಆಗಲಿ ಎಂದರು.

ವಾಪಸು ಬರುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಕಾರು ಅಲುಗಾಡದೆ ನಿಂತಿತ್ತು. ಮಂಜಣ್ಣ ಸಿಡಿದ. "ನಿನ್ ಕಂಪ್ಯೂಟರ್ ನನ್ ಜಾತಕ ಬರೆಯಕ್ಕೆ ಯಾರೇ? ಬರುತ್ತೆ ಅಂದ್ರೆ ಇವತ್ತಿಂದ್ಲೇ ಸಾಯಕ್ಕೆ ಶುರು ಮಾಡ್ಲಾ? ನಾನ್ ಹೋಗಲ್ಲ. ಅಮ್ಮನ ಥರ ಹೂವು ಕೇಳಿಸ್ತೀನಿ, ಸಾಕು."

ವಾದ ಮಾಡಲೇ? ಅಳಲೇ? ಕೊನೆಗೆ ಹೇಳಿದೆ: "ಕೇಳ್ಸು ಮಂಜಣ್ಣ, ನಾನೂ ಬರ್ತೀನಿ. ಆದ್ರೆ ಏನಂತ ಕೇಳ್ತೀಯ? ದೊಡ್ಡಮ್ಮ ವಾಸಿಯಾಯ್ತಾ ಅಂತ ಕೇಳಿದ್ರು. ಅವತ್ತಿಗೆ ವಾಸಿಯಾಗಿತ್ತು, ದೇವಿ ಹೌದು ಅಂದ್ಲು. ಮುಂದಕ್ಕೆ ಏನ್ಮಾಡ್ಲಿ ಅಂತ ಅವರು ಕೇಳ್ಲೇ ಇಲ್ವಲ್ಲ?"

ಯಲಹಂಕ ಬಂದಾಗ ಅವನೇ, "ಮಂಗಳವಾರ ಬಾ, ಕೇಳ್ಸೋಣ" ಎಂದ.

ಆ ಮಂಗಳವಾರ ಗುಡಿಯಲ್ಲಿ ಹೂವು ಅಂಟಿಸಿದ ಪೂಜಾರಪ್ಪ, "ಒಂದೇ ಮಾತು ಕೇಳ್ಕೊಳಪ್ಪ" ಎಂದರು. ಮಂಜಣ್ಣ ಬೀದಿಗೆಲ್ಲ ಕೇಳುವಂತೆ ಕೇಳಿದ: "ತಾಯೀ, ಬರುತ್ತಾ ಇಲ್ವಾ ಅಂತ ಕೇಳಲ್ಲ. ಈ ನನ್ ತಂಗಿ ಮಾತು ಕೇಳ್ಲಾ? ಅಷ್ಟೇ ಹೇಳ್ಬಿಡು."

ಹೂವು ಕದಲಲಿಲ್ಲ. ಅತ್ತಿಗೆ ಎದ್ದು ಫ್ಯಾನ್ ಆರಿಸಿ ಬಂದರು, ನಾಳೆ ಯಾರೂ ಗಾಳಿಗೆ ಬಿತ್ತು ಅನ್ನಬಾರದಂತೆ! ದಿನವಿಡೀ ಮೈಕ್ರೋಸ್ಕೋಪ್ ನೋಡುವ ನಾನು ಉಸಿರು ಬಿಗಿಹಿಡಿದು ಒಂದು ಸೇವಂತಿಗೆಯನ್ನು ದಿಟ್ಟಿಸುತ್ತಾ ಕೂತಿದ್ದೆ. ಎಡಗಡೆಯದು ಬಿದ್ದಿದ್ದರೆ ಏನು ಮಾಡುತ್ತಿದ್ದೆನೋ... ಬಲಗಡೆಯದು ಬಿತ್ತು ದೊಡ್ಡಮ್ಮ! ಎಲ್ಲರಿಗಿಂತ ಮೊದಲು ಕಿರುಚಿದವಳು ನಾನೇ.

ಮೊದಲ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲಿ ಸಿಕ್ಕಿತು. "ಅವರೆಕಾಳಿನಷ್ಟಿದೆ" ಎಂದು ಡಾಕ್ಟರು ತೋರಿಸಿದರೆ, ನಿನ್ನ ಮಗ ಮಲಗಿದಲ್ಲಿಂದಲೇ, "ಸೊಗಡಿದ್ಯಾ ಸಾರ್?" ಎಂದ! ಹೊಟ್ಟೆ ಕುಯ್ಯಲಿಲ್ಲ. ಚರ್ಮದ ಮೂಲಕ ಸೂಜಿ ಇಳಿಸಿ, ಕಾಳು ಇದ್ದಲ್ಲೇ ಸುಟ್ಟುಹಾಕಿದರು. ಮಾರನೆಯ ದಿನ ಮನೆಯಲ್ಲಿ ಕೂತು ಬಾಡಿಗೆಯವರ ಜೊತೆ ಜಗಳವಾಡುತ್ತಿದ್ದ. ಆರು ತಿಂಗಳು ಕಾದಿದ್ದರೆ ಅದು ಎಷ್ಟಾಗಿರುತ್ತಿತ್ತೋ. ಮೆಟ್ಟಿಲ ಮೇಲೆ ಚಪ್ಪಾಳೆ ತಟ್ಟಿದ್ದು ಯಾಕೆಂದು ಈಗ ತಿಳಿಯಿತಾ? ಅದು ಬರುವ ಮೊದಲೇ ನಾವು ಬಾಗಿಲಲ್ಲಿ ಕಾದು ಕೂತಿದ್ದೆವು!

ಆದರೂ ನನ್ನನ್ನೇ ಕೇಳಿಕೊಳ್ಳುತ್ತೇನೆ, ಈ ಹಿಗ್ಗು ಅತಿಯಾಯಿತೇ? ಪ್ರೋಗ್ರಾಂ ತಪ್ಪುವುದೂ ಉಂಟು. ಬರುತ್ತದೆ ಎಂದದ್ದು ಬಾರದೆ ಹೋಗಿದೆ, ಬರುವುದಿಲ್ಲ ಎಂದದ್ದು ಬಂದಿದೆ. ಮಂಜಣ್ಣನಿಗೂ ಇನ್ನೊಂದು ಕಾಳು ಕಾಣಬಹುದು. ಬುಧವಾರ ಅವನ ಮುಂದಿನ ಸ್ಕ್ಯಾನ್. ಏನೇ ಕಂಡರೂ ಆ ಕೋಣೆಯ ಹೊರಗೆ ನಾನಿರುತ್ತೇನೆ, ಇದು ನಿನಗೆ ಕೊಡುವ ಮಾತು.

ಫಲಿತಾಂಶ ನೋಡಿಕೊಂಡು ಈ ಕಾಗದ ಹಾಕೋಣ ಎಂದುಕೊಂಡಿದ್ದೆ. ಬೇಡ ಅನ್ನಿಸಿತು. ಒಳ್ಳೆಯದು ಬಂದರೆ ಮಾತ್ರ ಹೇಳುವಷ್ಟು ಸಣ್ಣದಲ್ಲ ಈ ಖುಷಿ. ಲಕೋಟೆಯ ಮೇಲೆ ನಿನ್ನ ಹೆಸರು, ಪುಟ್ಟೇನಹಳ್ಳಿಯ ಮನೆಯ ವಿಳಾಸ. ಒಡೆಯುವವನು ಮಂಜಣ್ಣನೇ. "ನೋಡಮ್ಮ, ನಿನ್ ಕಾನ್ವೆಂಟು ಏನ್ ಬರ್ದಿದಾಳೆ" ಎಂದು ನಿನ್ನ ಫೋಟೋದ ಮುಂದೆ ನಿಂತು ಜೋರಾಗಿ ಓದುತ್ತಾನೆ. ಸ್ಕ್ಯಾನಿಗೆ ಹೊರಡುವ ಮೊದಲು ಓದಲಿ ಎಂದೇ ಎರಡು ದಿನ ಮುಂಚೆ ಅಂಚೆ ಡಬ್ಬಕ್ಕೆ ಹಾಕುತ್ತೇನೆ: ಡಿಸೆಂಬರ್ ಹದಿನೈದು, ಸೋಮವಾರ.