ಹಕ್ಕಿಮನೆಗೆ ಇಪ್ಪತ್ತೊಂದು ಎಲೆ

ಜುಲೈ 14, ಸೋಮವಾರ. ಬೆಳಿಗ್ಗೆ 6.30

ಎಲ್ಲರೂ ಕ್ಷೇಮವೇ? ಚಿಮಾ, ಹೊಟ್ಟೆ ಸರಿಹೋಯಿತೇ? ಬಂಡೂ, ಉದುರಿದ ಪುಕ್ಕ ಮತ್ತೆ ಬರುತ್ತಿದೆಯೇ? ಗಂಗೂ, ಕಾಲು ಹೇಗಿದೆ ಮಗಳೇ? ತಾತ್ಯಾ, ನಿಮ್ಮದೇನು ಸಮಾಚಾರ?

ಇಷ್ಟು ಕೇಳದೆ ನಮ್ಮ ಕಟ್ಟಡದ ಅಂಗಳದ ಹಕ್ಕಿಮನೆಯ ಬಾಗಿಲು ತೆಗೆಯುವುದಿಲ್ಲ ನಾನು. ಗುಬ್ಬಿಯಂಥ ಹನ್ನೆರಡು ಫಿಂಚು, ಒಂದು ಜುಟ್ಟಿನ ಗಿಣಿ, ಕಾಕಟೀಲ್. ಫಿಂಚುಗಳು ಎಲ್ಲ ಒಟ್ಟಿಗೆ ಉತ್ತರ ಕೊಟ್ಟವು. ತಾತ್ಯಾ ಮಾತ್ರ ಜುಟ್ಟು ನಿಗುರಿಸಿ — ಥೇಟ್ ಪುಣೇರಿ ಪಗಡಿ — ಕುಕ್ಕರಿನ ಹಾಗೆ ಮೂರು ಸೀಟಿ ಹೊಡೆದ. ಎಲ್ಲರ ಅತ್ತಿಗೆ, ಮೊದಲ ಮಹಡಿಯ ಗೋಗಟೆ ವಹಿನಿ "ಅಯ್ಯ, ನನ್ನ ಬ್ಯಾಳಿ!" ಎಂದು ಅಡುಗೆಮನೆಗೆ ಓಡಿದ್ದು ಕೇಳಿಸಿತು. ದಿನಾ ಮೋಸ ಹೋಗುತ್ತಾರೆ, ಪಾಪ.

ಗಂಗೂನ ಕಾಲು ಇನ್ನೂ ಊದಿದೆ. ಪ್ಲಾಸ್ಟಿಕ್ ಬಳ್ಳಿಯ ಎಳೆ ಸುತ್ತಿಕೊಂಡಿತ್ತು. ಐದು ವರ್ಷದಿಂದ ಬಡಿದುಕೊಳ್ಳುತ್ತಿದ್ದೇನೆ — ಅದನ್ನು ಕಿತ್ತು ಹಾಕಿ, ಜೀವ ಇರುವ ಗಿಡ ಇಡಿ ಎಂದು. ನಿನ್ನೆ ನಮ್ಮ ಸೊಸೈಟಿಯ ಸೆಕ್ರೆಟರಿ ಉಪಾಸನಿ ಕೊನೆಗೂ ಹೂಂ ಎಂದರು. ಇವತ್ತೇ ಎಲ್ಲ ಕಿತ್ತೆ. ಒಂದು ಗೋಣಿಚೀಲ ತುಂಬಿತು. ಗಿಡ ಆರಿಸುವುದು ನನ್ನ ಕೆಲಸವಂತೆ. ಈ ಕಟ್ಟಡಕ್ಕೆ ಬಂದ ಮೇಲೆ ಮೊದಲ ಸಲ ಒಬ್ಬರು ನನ್ನನ್ನು ಏನೋ ಕೇಳಿದ್ದು.

ಜುಲೈ 16, ಬುಧವಾರ

ಶುಭದಾ ಸ್ಕೂಟರಿನಲ್ಲಿ ನರ್ಸರಿಗೆ ಕರೆದೊಯ್ದಳು. ನನ್ನ ಅಕ್ಕ ಸುಮನಕ್ಕನ ಮಗಳು. ನಾನು ಅವಳಿಗೆ ಮಾವಶಿ, ಚಿಕ್ಕಮ್ಮ; ಈಗ ಊರಿಗೆಲ್ಲ ಮಾವಶಿ. ಶುಭದಾಳ ಮನೆಯಲ್ಲೇ ನನ್ನ ವಾಸ. ದಾರಿಯುದ್ದಕ್ಕೂ ಜಿನುಗು ಮಳೆ.

ನರ್ಸರಿಯವನು ಮೊದಲು ಎತ್ತಿ ತೋರಿಸಿದ್ದೇ ಆ ಚುಕ್ಕೆ ಎಲೆಯ ಗಿಡ, ಎಲ್ಲರ ಹಾಲಿನಲ್ಲೂ ನಿಂತಿರುತ್ತದಲ್ಲ, ಅದು. ಕಚ್ಚಿದರೆ ನಾಲಿಗೆ ಊದಿ ಕೂರುತ್ತದೆ. ಬೇಡ ಎಂದೆ. ಯಾವ ಗಿಡಕ್ಕೆ ಯಾವಾಗ ಔಷಧಿ ಹೊಡೆದದ್ದು, ಮಣ್ಣಿಗೆ ಗೊಬ್ಬರದ ಬಿಳಿ ಗುಳಿಗೆ ಹಾಕಿದ್ದೀಯೇನು — ಒಂದೊಂದೇ ಕೇಳಿದೆ. ಸಾಕಾಯಿತು ಅವನಿಗೆ. "ಮಾವಶಿ, ಗಿಡಾ ಒಯ್ಯಾಕ ಬಂದೀರೋ, ಜಾತಕಾ ಕೂಡಸಾಕ ಬಂದೀರೋ?"

ನಗಲಿ. ಪುಣೆಯ ಕ್ಯಾಂಪ್ ಬಡಾವಣೆಯ ಸೊಹ್ರಾಬ್ ಸೇಠರ ಮನೆಯಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದವಳು ನಾನು. ಅವರ ಹಿತ್ತಲ ತುಂಬ ಹಕ್ಕಿ. ಕಲಿತದ್ದು ನಾಲ್ಕನೇ ಇಯತ್ತೆ. ಉಳಿದದ್ದೆಲ್ಲ ಆ ಹಿತ್ತಲಲ್ಲಿ. ಸೇಠ್ ಹೇಳುತ್ತಿದ್ದರು — ಹಕ್ಕಿ ಗಿಡವನ್ನು ನೋಡುವುದಿಲ್ಲ, ರುಚಿ ನೋಡುತ್ತದೆ. ನೀನು ಅದರ ಕೊಕ್ಕಿನಿಂದ ಯೋಚಿಸು.

ತಂದದ್ದು: ದಾಸವಾಳ, ಎಲೆ ಹೂವು ಎರಡೂ ತಿಂದರೂ ಚಿಂತೆಯಿಲ್ಲ. ಕುಳ್ಳ ಬಿದಿರು, ಫಿಂಚುಗಳಿಗೆ ಮರೆ ಬೇಕು. ನಿಂಬೆಹುಲ್ಲು. ಒಂದು ಅಗಲ ಕುಂಡದ ತುಂಬ ಗರಿಕೆ. ಎಲೆ ಎಲೆ ತೊಳೆದೆ, ಮೇಲಿನ ಮಣ್ಣು ಬದಲಿಸಿದೆ. ಇನ್ನು ಆರು ವಾರ ಬಾಲ್ಕನಿಯಲ್ಲಿ ಬೇರೆ ಇರಬೇಕು. ಹೊಡೆದ ಔಷಧಿ ಇಳಿಯಲಿ.

"ಆರು ವಾರ? ನನ್ನ ಅರಿವಿ ಎಲ್ಲಿ ಒಣಗಸ್ಲಿ?" ಎಂದಳು ಶುಭದಾ.

"ದಾಸವಾಳದ ಮ್ಯಾಲೆ ಹಾಕಬ್ಯಾಡ. ಉಳದದ್ದು ನಿನ್ನ ಮರ್ಜಿ."

ಕ್ಯಾಲೆಂಡರಿನಲ್ಲಿ ಎಣಿಸಿದೆ. ಆಗಸ್ಟ್ 27. ಸರಿಯಾಗಿ ಗಣೇಶ ಚತುರ್ಥಿ!

ಜುಲೈ 27, ಭಾನುವಾರ

ಬರೆದೇ ಬಿಡುತ್ತೇನೆ.

ಸೊಸೈಟಿ ಮೀಟಿಂಗ್. ಉಪಾಸನಿ ಎದ್ದು ನಿಂತರು. "ನೋಡ್ರಿ, ಬರೇ ಹುಲ್ಲು ಹಚ್ಚಿದ್ರ ಏನು ಶೋಭಾ? ಹಬ್ಬ ಬಂತು. ಗಣಪತಿಗೆ ಏರಸೂ ಇಪ್ಪತ್ತೊಂದು ಪತ್ರಿ ಗಿಡಾ ಅದಾವ. ಅಷ್ಟೂ ಹಕ್ಕಿಮನ್ಯಾಗ ಹಚ್ಚೂಣು. ಇಡೀ ಪುಣೆದಾಗ ಯಾರೂ ಮಾಡಿಲ್ಲ. ಪೇಪರಿನ್ಯಾಗ ಫೋಟೋ ಬರ್ತದ."

ಚಪ್ಪಾಳೆ.

ನಾನು ಎದ್ದೆ. "ಗರಿಕಿ, ತುಳಸಿ, ದಾಳಿಂಬ್ರಿ ಬರ್ಲಿ. ಆದ್ರ ಎಕ್ಕಿ, ದತ್ತೂರಿ, ಕಣಗಲ — ಈ ಮೂರು ವಿಷ ಅದಾವ ರೀ. ಹಕ್ಕಿ ಕಚ್ಚಿದ್ರ ಮುಗೀತು."

"ಏನಂದ್ರಿ ಮಾವಶಿ? ಗಣಪತಿ ತಲಿಮ್ಯಾಲೆ ಏರಸೂ ಎಲಿ ವಿಷ?"

"ಏರಸೂದು ಬ್ಯಾರೆ, ತಿನ್ನೂದು ಬ್ಯಾರೆ. ಗಣಪತಿ ಅದನ್ನ ತಿಂತಾನೇನ್ರಿ? ಮೋದಕಾ ತಿಂತಾನ. ನಿಮಗ ಅಷ್ಟು ನಂಬಿಗಿ ಇದ್ರ ಒಂದು ಕಣಗಲ ಎಲಿ ಇಲ್ಲೇ ಅಗದು ತೋರಸ್ರಿ. ಆಮ್ಯಾಲೆ ಹಕ್ಕಿಗೆ ಹಾಕೂಣು."

ಹಿಂದೆ ಯಾರೋ ಕಿಸಕ್ಕೆಂದರು. ಉಪಾಸನಿಯವರ ಕಿವಿ ಕೆಂಪಾಯಿತು. ಗೋಗಟೆ ವಹಿನಿ ನನ್ನ ಸೆರಗು ಜಗ್ಗಿದರು. "ಹಬ್ಬದ ಹೊತ್ತಿನ್ಯಾಗ ಇಂಥಾ ಮಾತು ಆಡಬಾರದು ಮಾವಶಿ. ದೇವರ ಎಲಿ ಯಾರಿಗೆ ಏನು ಮಾಡೀತು?"

ಉಪಾಸನಿ ಕನ್ನಡಕ ಒರೆಸಿಕೊಂಡರು. "ಮಾವಶಿ, ನೀವು ಮೆಂಬರ್ ಅಲ್ಲ. ಮೀಟಿಂಗಿನ್ಯಾಗ ಕೂಡ್ರಾಕ ಅಡ್ಡಿ ಇಲ್ಲ. ಮಾತಾಡಾಕ ಅದ."

ಕೂತೆ. ಹದಿಮೂರು ಜೀವಗಳಿಗೆ ದಿನಾ ಕಾಳು ನೀರು ಇಡುವವಳಿಗೆ ಮಾತಿಲ್ಲ. ಅವುಗಳ ಹೆಸರೂ ಗೊತ್ತಿಲ್ಲದ ನಲವತ್ತು ಮಂದಿ ಕೈ ಎತ್ತಿದರು. ಪಾಸು!

ಜುಲೈ 28

ಹಕ್ಕಿಮನೆಗೆ ಫಲಕ ತೂಗುಹಾಕಿದೆ. ರಟ್ಟಿನ ಮೇಲೆ ಕೆಂಪು ಮಸಿ.

"ಎಕ್ಕ, ದತ್ತೂರಿ, ಕಣಗಿಲೆ ಹಕ್ಕಿಗೆ ವಿಷ. ಇದರಲ್ಲಿ ಸಂಶಯವಿದ್ದವರು ಪಶುವೈದ್ಯರನ್ನು ಕೇಳಬೇಕು. ಸೆಕ್ರೆಟರಿಯನ್ನಲ್ಲ."

ಹನ್ನೊಂದು ಗಂಟೆಗೆ ಫಲಕ ಮಾಯ. ಇರಲಿ, ನಾಲ್ಕು ಜನ ಓದಿದ್ದನ್ನು ಕಿಟಕಿಯಿಂದ ನೋಡಿದೆ.

ಆಗಸ್ಟ್ 14

ಉಪಾಸನಿ ಬಂದು ಹಕ್ಕಿಮನೆಯ ಕೀಲಿ ಕೇಳಿದರು. ಫೋಟೋದವನು ಬರುತ್ತಾನಂತೆ. ಕೊಟ್ಟೆ.

ಕೊಡಬಾರದಿತ್ತು.

ಆಗಸ್ಟ್ 15, ಶುಕ್ರವಾರ

ಧ್ವಜ ಏರಿಸಿದರು. ಜಿಲೇಬಿ ಹಂಚಿದರು. ಆಮೇಲೆ ಇಪ್ಪತ್ತೊಂದು ಗಿಡಗಳು ಅರಿಶಿಣ ಕುಂಕುಮ ಹಚ್ಚಿಸಿಕೊಂಡು ಒಳಗೆ ಹೋದವು. ಒಂದಕ್ಕೂ ನೀರು ತೋರಿಸಿಲ್ಲ, ನರ್ಸರಿಯ ಔಷಧಿವಾಸನೆ ಹಾಗೇ ಇದೆ. ತಾತ್ಯಾ ಕೂರುವ ಕೋಲಿಗೆ ತಾಗಿಕೊಂಡೇ ಕಣಗಿಲೆ. ಬೇಕೆಂದೇ ಹುಡುಕಿದರೂ ಇದಕ್ಕಿಂತ ಕೆಟ್ಟ ಜಾಗ ಸಿಗುತ್ತಿರಲಿಲ್ಲ.

ಕೀಲಿ ವಾಪಸು ಬರಲಿಲ್ಲ. ಇನ್ನು ಮೇಲೆ ವಾಚ್‌ಮನ್ ಬಾಗಿಲು ತೆಗೆಯುತ್ತಾನೆ, ನಾನು ಕಾಳು ಹಾಕಿ ಹೊರಬರಬೇಕು. ಸಂಜೆ ಹೋದಾಗ ಕೈಗೆ ಸಿಕ್ಕಷ್ಟು ಕಣಗಿಲೆ ಎಲೆ ತರಿದು ಸೆರಗಿನಲ್ಲಿ ಕಟ್ಟಿ ತಂದೆ.

ಆಗಸ್ಟ್ 17, ಭಾನುವಾರ

ನಾನು ಎಲೆ ಕೀಳುವ ಫೋಟೋ ಸೊಸೈಟಿಯ ವಾಟ್ಸಾಪಿನಲ್ಲಿ. ಮೇಲೆ "ಪೂಜಿಸಿದ ಗಿಡಕ್ಕೆ ಈ ಗತಿ" ಎಂದು ಬರಹ. ಕೆಳಗೆ ಮೂವತ್ತೊಂದು ಮಂದಿಯ ಸಿಟ್ಟಿನ ಮುಖಗಳು. ಶುಭದಾ ಫೋನು ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳಿದಳು. "ಮಾವಶಿ, ನೀ ಹೇಳೂದು ಖರೇನ ಅದ. ಆದ್ರ ನಾವು ಇಲ್ಲೇ ಇರಬೇಕಲಾ. ಸಾಕು ಮಾಡು."

ಸಾಕು ಮಾಡಿದೆ. ಸೇಠ್ ಇದ್ದಿದ್ದರೆ ಜಾಲರಿ ಕತ್ತರಿಸಿ ಒಳಗೆ ಹೋಗುತ್ತಿದ್ದರು. ಆದರೆ ಅವರದು ಸ್ವಂತ ಹಿತ್ತಲು.

ಆಗಸ್ಟ್ 19, ಮಂಗಳವಾರ. 6.40

ಎಲ್ಲರೂ ಕ್ಷೇಮವೇ ಎಂದೆ.

ತಾತ್ಯಾ ನೆಲದ ಮೇಲಿದ್ದ. ಜುಟ್ಟು ಮಲಗಿತ್ತು. ಕೊಕ್ಕಿನ ಅಂಚಿನಲ್ಲಿ ಹಸಿರು.

ಅದೇ ದಿನ ಮಧ್ಯಾಹ್ನ

ಬೆಳಿಗ್ಗೆಯೇ ತಾತ್ಯಾನನ್ನು ಹಿಡಿದುಕೊಂಡು ಹೋಗಿ ಉಪಾಸನಿಯವರ ಬಾಗಿಲು ತಟ್ಟಿದೆ. ಪೋಹೆ ತಿನ್ನುತ್ತಿದ್ದರು. ನನ್ನ ಕೈಯಲ್ಲಿರುವುದನ್ನು ನೋಡಿ ತಟ್ಟೆ ಸರಿಸಿದರು.

"ಅಯ್ಯ ಪಾಪ. ವಯಸ್ಸಾಗಿತ್ತು ಬಿಡ್ರಿ."

"ಏಳು ವರ್ಷ ರೀ. ಈ ಜಾತಿ ಹದಿನೈದು ವರ್ಷ ಬಾಳ್ತದ. ಬಾಯಾಗ ಎಲಿ ಅದ, ನೋಡ್ರಿ."

"ಮಳಿಗಾಲ ಮಾವಶಿ, ಥಂಡಿ ಆಗಿರಬೇಕು. ಮತ್ತ ಹನ್ನೆರಡು ಆರಾಮ ಅದಾವಲ್ಲ? ಅವಕ್ಕ ವಿಷ ಹತ್ತಲಿಲ್ಲೇನು?"

ಫಿಂಚುಗಳದು ಸಣ್ಣ ಕೊಕ್ಕು, ಕಾಳಿನ ಮೇಲೇ ಗಮನ. ತಾತ್ಯಾನದು ಸಿಕ್ಕಿದ್ದೆಲ್ಲ ಸೀಳಿ ಅಗಿಯುವ ಕೊಕ್ಕು — ಇದನ್ನೆಲ್ಲ ಹೇಳಬೇಕಿತ್ತು. ನನಗೆ ಸಿಟ್ಟು ಬಂದರೆ ಅಳು ಬರುತ್ತದೆ. ಜನ ಅದನ್ನು ದುಃಖ ಎಂದುಕೊಳ್ಳುತ್ತಾರೆ. ದುಃಖ ಅಲ್ಲ ಅದು!

ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರಗಳು. ಹೊಸದೊಂದು ತರಿಸೋಣ ಎಂದು ಒಬ್ಬರು ಬರೆದರು. ಬಲ್ಬು ಹೋದ ಹಾಗೆ.

ಬಾಲ್ಕನಿಯ ದಾಸವಾಳದ ಪಕ್ಕದ ಖಾಲಿ ಕುಂಡದಲ್ಲಿ ತಾತ್ಯಾನನ್ನು ಮಣ್ಣು ಮಾಡಿದೆ.

ಆಗಸ್ಟ್ 25, ಸೋಮವಾರ. ಸಂಜೆ

ಇದನ್ನು ಹೇಗೆ ಬರೆಯಲಿ. ನಗಲೋ, ಗೋಡೆಗೆ ತಲೆ ಚಚ್ಚಿಕೊಳ್ಳಲೋ...

ನಾಳೆ ಹರಿತಾಲಿಕೆ, ಗೌರಿ ಪೂಜೆ. ಗೋಗಟೆ ವಹಿನಿ ಐದು ಗಂಟೆಗೆ ಬುಟ್ಟಿ ಹಿಡಿದು ಹಕ್ಕಿಮನೆ ಹತ್ತಿರ ಬಂದರು, ಪೂಜೆಗೆ ಪತ್ರಿ ಕೀಳಲಿಕ್ಕೆ. ಮಡಿಸೀರೆ. ನಾನು ಒಳಗೆ ಕಾಳು ಹಾಕುತ್ತಿದ್ದೆ.

"ಛಲೋ ಆತು ನೋಡ್ರಿ ಮಾವಶಿ, ಬಾಜಾರಕ್ಕ ಹೋಗೂ ತ್ರಾಸ ತಪ್ಪಿತು. ಆ ಬೆಲ್ಲಪತ್ರಿ ಒಂದೀಟು ಹರದು ಕೊಡ್ರಿ."

ಬಿಲ್ವದ ಕಡೆ ನೋಡಿದೆ. ಸುಮ್ಮನೆ, ಕಂಡದ್ದನ್ನು ಹೇಳಿದೆ ಅಷ್ಟೇ. "ಇದನ್ನ ಚಿಮಾ ಕಚ್ಯಾಳ್ರಿ. ಬ್ಯಾರೇದು ಕೊಡ್ಲಿ? ಅದರ ಮ್ಯಾಲೆ ಬಂಡೂ ಹಿಕ್ಕಿ ಹಾಕ್ಯಾನ."

ವಹಿನಿಯ ಕೈ ಗಾಳಿಯಲ್ಲೇ ನಿಂತಿತು. "ಅಂದ್ರ... ಎಲ್ಲಾ ಎಂಜಲಾ?"

"ಹತ್ತು ದಿನದಿಂದ ಹಕ್ಕಿ ನಡುವ ಅದಾವಲ್ರೀ. ಮತ್ತೇನು ಮಡೀಲೆ ಇರ್ತಾವೇನು?"

"ಅಯ್ಯಯ್ಯ! ಗೌರಿಗೆ ಎಂಜಲೆಲಿ ಏರಸೂದಾ? ಉಪಾಸನಿ ಅವರ! ಓ ಉಪಾಸನಿ ಅವರ!"

ಹತ್ತು ನಿಮಿಷದಲ್ಲಿ ಎಂಟು ಹೆಂಗಸರು. ಉಪಾಸನಿ ಚಪ್ಪಲಿ ಕೂಡ ಮೆಟ್ಟದೆ ಇಳಿದು ಬಂದರು. ಮುಕ್ಕಾಲು ಗಂಟೆಯೊಳಗೆ ಇಪ್ಪತ್ತೊಂದೂ ಗಿಡ ಹೊರಗೆ. ಕಣಗಿಲೆಯ ಕುಂಡವನ್ನು ಉಪಾಸನಿ ತಾವೇ ಎದೆಗವಚಿಕೊಂಡು ಹೊತ್ತರು. ಎಲ್ಲವನ್ನೂ ಪಂಪಿನ ಕೋಣೆಯ ಹಿಂದೆ ಸಾಲಾಗಿಟ್ಟು, ಗೋಮೂತ್ರ ಚಿಮುಕಿಸಿ, ಸುತ್ತ ಜಾಲರಿ ಕಟ್ಟಿದರು. ಕಾಗೆ ಕೂಡ ಮುಟ್ಟಬಾರದಂತೆ.

ಕೀಲಿ ನನ್ನ ಕೈಗೆ ಬಂತು. "ತಗೋರಿ ಮಾವಶಿ, ನಿಮಗ ತಿಳದ ಹುಲ್ಲು ಹಚ್ಚಿಕೋರಿ."

ಎಲೆಯಿಂದ ಹಕ್ಕಿಯನ್ನು ಉಳಿಸಿ ಎಂದು ಒಂದು ತಿಂಗಳು ಕೂಗಿದೆ. ಯಾರೂ ತಿರುಗಿ ನೋಡಲಿಲ್ಲ. ಹಕ್ಕಿಯಿಂದ ಎಲೆಯನ್ನು ಉಳಿಸಲು ಇಡೀ ಕಟ್ಟಡ ಓಡಿ ಬಂತು. ತಾತ್ಯಾ ಸತ್ತಾಗ ಒಬ್ಬರೂ ಮೆಟ್ಟಿಲು ಇಳಿದಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಸಿಟ್ಟು ನನ್ನ ಮೇಲೇ. ನಾನೂ ಮಡಿ-ಮೈಲಿಗೆಯಲ್ಲೇ ಬೆಳೆದವಳು. ಎಂಜಲಿನ ಈ ಒಂದು ಮಾತು ಜುಲೈ ಇಪ್ಪತ್ತೇಳಕ್ಕೆ ಬಾಯಿಗೆ ಬಂದಿದ್ದರೆ... ಸೇಠ್ ಹೇಳಿದ್ದರಲ್ಲ, ಹಕ್ಕಿಯ ಕೊಕ್ಕಿನಿಂದ ಯೋಚಿಸು ಎಂದು. ಅದನ್ನು ಮಾಡಿದೆ. ಇವರ ತಲೆಯಿಂದ ಯೋಚಿಸಬೇಕು ಎಂದು ಹೊಳೆಯಲೇ ಇಲ್ಲ.

ಆಗಸ್ಟ್ 27, ಬುಧವಾರ. ಚತುರ್ಥಿ. 11 ಗಂಟೆ

ಆರು ವಾರ ಇವತ್ತಿಗೆ ಸರಿ. ಎಲ್ಲರೂ ಆರತಿಯಲ್ಲಿದ್ದಾರೆ, ತಾಳದ ಸದ್ದು ಇಲ್ಲಿಗೆ ಕೇಳುತ್ತಿದೆ. ನಾನೊಬ್ಬಳೇ ನಾಲ್ಕು ಕುಂಡ ಒಳಗಿಟ್ಟೆ. ದಾಸವಾಳವನ್ನು ತಾತ್ಯಾನ ಕೋಲಿನ ಪಕ್ಕಕ್ಕೆ. ಚಿಮಾ ಐದು ನಿಮಿಷ ದೂರದಿಂದ ನೋಡಿದಳು. ಆಮೇಲೆ ಇಳಿದು ಬಂದು ಒಂದು ಗರಿಕೆ ಎಳೆ ಕಿತ್ತು ಗೂಡಿಗೆ ಒಯ್ದಳು.

ಹಕ್ಕಿಮನೆಯ ಹೊಸ್ತಿಲ ಮೇಲೆ ಕೂತೇ ಅಕ್ಕನಿಗೆ ಕಾಗದದ ಕರಡು ಬರೆಯುತ್ತಿದ್ದೇನೆ. ಸಂಜೆ ನಕಲು ಮಾಡಿ ಹಾಕಬೇಕು.

ಸುಮನಕ್ಕ, ನಿನ್ನ ಮಂಡಿನೋವು ಹೇಗಿದೆ? ಭಾವನವರ ಕೆಮ್ಮು? ಶುಭದಾ ಆರಾಮ. ನಮ್ಮ ತಾತ್ಯಾ ಹೋದ. ಅದನ್ನು ಕಾಗದದಲ್ಲಿ ಬರೆಯುವುದಿಲ್ಲ, ಬಂದಾಗ ಹೇಳುತ್ತೇನೆ. ನಿಮ್ಮ ಚಿಪಳೂಣದ ಹಿತ್ತಲಲ್ಲಿ ಸಣ್ಣೆಲೆಯ ಬಿದಿರು ಇತ್ತಲ್ಲ, ಅದರದೊಂದು ಬೇರು ಬೇಕು. ಅದಕ್ಕೆ ಏನಾದರೂ ಔಷಧಿ ಹೊಡೆದಿದ್ದೀರಾ, ಯಾವಾಗ, ಸರಿಯಾಗಿ ವಿಚಾರಿಸಿ ತಿಳಿಸು. ಮರೆಯಬೇಡ, ಬೇಗ ಬರಿ. ಇಲ್ಲಿ ಹನ್ನೆರಡು ಮಂದಿ ಕಾಯುತ್ತಿ

ಮೇಲೆ ಸೀಟಿ. ಒಂದು, ಎರಡು, ಮೂರು. ತಟ್ಟನೆ ಕೋಲಿನ ಕಡೆ ತಿರುಗಿದೆ —

ವಹಿನಿಯ ಕುಕ್ಕರು.